ನಾಲ್ಕು ಬಟ್ಟಿನ ಪ್ಲೇ

ಸೂಪರ್ ಮಾರ್ಕೆಟಿನ ಎರಡನೇ ಗಲ್ಲಿ. ಮೇ ತಿಂಗಳು.
ಹೊರಗ ಡಾಂಬರು ಚಪ್ಪಲಿ ಹಿಡೀತದ.
ಒಳಗ ಮುಜಮ್ಮಿಲ್ ಎರಡು ಪರದೆ ಹಚ್ಚಿ ನಿಲ್ಲಿಸ್ಯಾನ:
ಒಂದು ಟಿವಿ, ಮದುವಿ ಪಲ್ಲಂಗದಷ್ಟು ಅಗಲ;
ಒಂದು ಮಾನಿಟರು, ನಮ್ಮ ಅಡಗಿಮನಿ ಕಿಟಕಿಯಷ್ಟು.
ಎರಡರೊಳಗೂ ಅದೇ ಕೆಂಪು ಕಾರು, ಅದೇ ತಿರುವು.

"ಚಾಚಾ, ರೇಸಿಗಂದ್ರ ಮಾನಿಟರೇ ತಗೋರಿ.
ಟಿವಿ ದೊಡ್ಡದು ಖರೆ, ಆದ್ರ ಜರಾ ತಡಾ ಕೇಳ್ತದ.
ನೀವು ಸ್ಟೇರಿಂಗ್ ತಿರುವಿದ ಮ್ಯಾಲ ಅದು ವಿಚಾರ ಮಾಡ್ತದ,
ಬಣ್ಣ ತಿದ್ತದ, ಅಂಚು ತೀಡ್ತದ, ಆಮ್ಯಾಲ ತೋರಸ್ತದ."
"ಎಷ್ಟು ತಡಾ?"
"ಒಂದು ಸೆಕೆಂಡು ಸಾವಿರ ತುಂಡು ಮಾಡ್ರಿ. ಅದರಾಗ ಅರವತ್ತು, ಎಂಬತ್ತು."

ನಕ್ಕೆ.
ಮೂವತ್ತೊಂದು ವರ್ಷ ಕಲಬುರಗಿ–ಸೇಡಂ ಓಡಿಸಿದಂವ ನಾ.
ಆ ಹಳೇ ಬಸ್ಸಿನ ಸ್ಟೇರಿಂಗಿಗೆ ನಾಲ್ಕು ಬಟ್ಟು ಪ್ಲೇ ಇತ್ತು.
ಡಿಪೋದಾಗ ಬರಕೊಟ್ಟೆ, ಮತ್ತ ಬರಕೊಟ್ಟೆ.
ಮೆಕ್ಯಾನಿಕ್ ರೇವಪ್ಪ ಕೈಯಾನ ಗ್ರೀಸು ಒರಸಕೋತ
"ಇರ್ಲಿ ಬಿಡ್ರಿ ಅಣವೀರಪ್ಪ, ಕೈಗೆ ಹೊಂದ್ತದ" ಅಂದ.
ಹೊಂದ್ತು.
ಮಳಖೇಡದ ಸೇತುವಿ ಕಾಣೂ ಮೊದಲೇ ಕೈ ತಿರುಗ್ತಿತ್ತು,
ಎಮ್ಮಿ ರಸ್ತೆಗೆ ಕಾಲಿಡೂ ಮೊದಲೇ ನನ್ನ ಕಾಲು ಬ್ರೇಕಿನ ಮ್ಯಾಲ.
ತಡಾ ಕೇಳೋ ಗಾಡಿಗೆ ಮುಂಚೇ ಹೇಳಬೇಕು, ಅಷ್ಟೇ;
ಊಟಕ್ಕ ತಡಾ ಏಳೋ ಅಣ್ಣಗ
ಒಂದು ತಾಸು ಮೊದಲೇ ಕರದ್ಹಾಂಗ.

ಹೋದ ಶ್ರಾವಣಕ್ಕ ಕಣ್ಣಿನ ಪರೀಕ್ಷಾ.
ಡಾಕ್ಟರು ಕೆಂಪು ದೀಪ ಹಚ್ಚಿ "ಕಂಡ ಕೂಡ್ಲೇ ಒತ್ರಿ" ಅಂದ್ರು.
ಒತ್ತಿದೆ. ನನ್ನ ಲೆಕ್ಕಕ್ಕ ಕಂಡ ಕೂಡ್ಲೇ.
ಅವರು ಹಾಳಿ ಮ್ಯಾಲ ಏನೋ ಬರದ್ರು, ತೋರಸಲಿಲ್ಲ.
ಈಗ ಡಿಪೋ ಗೇಟಿನಾಗ ಕುರ್ಚಿ, ರಿಜಿಸ್ಟರು:
ಹೋದ ವ್ಯಾಳ್ಯಾ, ಬಂದ ವ್ಯಾಳ್ಯಾ.
ಲೈಟ್ ಡ್ಯೂಟಿ ಅಂತಾರ.
ಸಂಜಿಗೆ ಬಲಗಾಲು ಸುಮ್ಮನೇ ಅದರ್ತದ.

ತಂಗಿ ಮಗಳು ಭಾಗ್ಯವಂತಿ, ಒಂಬತ್ತನೇತ್ತ,
"ಮಾಮಾ, ಕುಂತಲ್ಲೇ ಓಡಸು" ಅಂತ ಹೈದರಾಬಾದಿಂದ
ಯಾರೋ ಬಳಸಿದ ಸ್ಟೇರಿಂಗು, ಮೂರು ಪೆಡಲು ತರಿಸ್ಯಾಳ. ರೊಕ್ಕ ನಂದು.
ಶಹಾಬಾದ ಕಲ್ಲಿನ ಮ್ಯಾಲ ಪೆಡಲು ಜಾರ್ತಾವಂತ
ಕೆಳಗ ಜೋಳದ ಚೀಲ ಹಾಸೀವಿ.

ಮೊದಲು ಟಿವಿ ಮುಂದ ಕುಂತೆ.
ತಿರುವು ಬಂತು. ಕಾರು ಗ್ವಾಡಿಗೆ.
"ನೋಡ್ರಿ, ನಾ ಹೇಳ್ಲಿಲ್ಲಾ?" ಅಂದ ಮುಜಮ್ಮಿಲ್.
ಆಮ್ಯಾಲ ಮಾನಿಟರು. ಅದು ತಡಾ ಮಾಡಲಿಲ್ಲ.
ಹೇಳಿದ ಕೂಡ್ಲೇ ಕೇಳ್ತು,
ನಾ ಯಾವಾಗ ಹೇಳಿದೆ ಅಂಬೂದನ್ನೂ ಕೇಳ್ತು.
ಕಾರು ಗ್ವಾಡಿಗೆ. ಅದೇ ಜಾಗ, ಗೇಣು ಹೆಚ್ಚುಕಮ್ಮಿ ಇಲ್ಲ.

ಮುಜಮ್ಮಿಲ್ ಈ ಸಲ ಏನೂ ಅನಲಿಲ್ಲ.
ಬಟ್ಟಿ ತಗೊಂಡು, ಚೊಕ್ಕ ಇದ್ದ ಕಾಜನ್ನೇ ಮತ್ತ ಒರಸಲಿಕ್ಕೆ ಹತ್ತಿದ.
ಭಾಗ್ಯವಂತಿ ಫೋನು ನೋಡಿದ್ಹಾಂಗ ಮಾಡಿದ್ಳು.

"ಟಿವಿ ಕಟ್ಟಪ್ಪಾ" ಅಂದೆ.
"ಚಾಚಾ, ತಡಾ ಅಂತ ಹೇಳಿದ್ನೆಲ್ಲಾ..."
"ಇರ್ಲಿ. ಕೈಗೆ ಹೊಂದ್ತದ."
ಪೂರಾ ಸುಳ್ಳಲ್ಲ ಅದು. ತಂಗಿ ಸೀರಿಯಲ್ ನೋಡ್ತಾಳ,
ಕ್ರಿಕೆಟ್ ಬಂದ್ರ ಓಣಿ ಹುಡುಗರು ಬಾಗಿಲದಾಗ ನಿಲ್ತಾವ,
ದೊಡ್ಡದು ಕಣ್ಣಿಗೂ ಚಲೋ.
ಇಷ್ಟೆಲ್ಲಾ ಆಟೋದಾಗ, ಡಬ್ಬಿ ತೊಡಿಗೆ ಆನಿಸಿಕೊಂಡು ಹೇಳಿದೆ.
ಯಾರೂ ಕೇಳಿರಲಿಲ್ಲ.

ರಾತ್ರಿ ಹನ್ನೊಂದು. ಕರೆಂಟು ಹೋಗಿ ಬಂದದ.
ಮೂರು ರೇಸು, ಮೂರರಾಗೂ ಕಡೀ ನಂಬರು ನಂದು.
"ಟಿವಿ ಭಾಳ ಸ್ಲೋ ಅದ ಮಾಮಾ" ಅಂದ್ಳು ಹುಡುಗಿ,
"ನಿಂದೇನು ತಪ್ಪಿಲ್ಲ."

ಪರದೆಯ ಮೂಲ್ಯಾಗ, ಇರಿವಿಯಷ್ಟು ಅಕ್ಷರದಾಗ,
ಗೇಮ್ ಮೋಡ್ ಆನ್ ಅಂತ ಇತ್ತು.
ತಡಾ ತೆಗೆಯೋ ಗುಂಡಿ ಅದು. ಡಬ್ಬಿ ಒಡದ ತಕ್ಷಣ ಆಕೀನೇ ಒತ್ತಿದ್ಳು.
ಅಷ್ಟು ಸಣ್ಣದು ಮಾಮಾನ ಕಣ್ಣಿಗೆ ಕಾಣಂಗಿಲ್ಲಂತ ತಿಳಕೊಂಡಾಳ.

"ಹೂಂ" ಅಂದೆ, "ರೇವಪ್ಪಗ ತೋರಸಬೇಕು ಇದನ್ನ."
ಯಾರವ ರೇವಪ್ಪ ಅಂತ ಕೇಳಲಿಲ್ಲ ಆಕಿ,
ನಾಲ್ಕನೇ ರೇಸು ಹಚ್ಚಿದ್ಳು.
ಚೀಲದ ಮ್ಯಾಲ ಕಾಲು ಊರಿದೆ.
ತಿರುವು ಇನ್ನಾ ಕಂಡಿರಲಿಲ್ಲ,
ಕೈ ತಿರುಗಿಸಿದೆ.